ಬೆಟ್ಟಯ್ಯನ ಗಾಡಿ, ಚಿಕ್ಕತಾಯಿಯ ಮಡಿಲು

ಹ್ಞೂಂಗುಟ್ಟಬೇಕು, ಆಯ್ತಾ? ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತೆ. ಹೊದಿಕೆ ಒದೀಬೇಡ.

ಒಂದಾನೊಂದು ಕಾಲದಲ್ಲಿ, ಅಂದ್ರೆ ಎತ್ತಿಗೆ ಮಾತು ಬರದೇ ಮನುಷ್ಯರಿಗೆ ಮಾತ್ರ ಅತಿಯಾಗಿ ಬರ್ತಿದ್ದ ಕಾಲದಲ್ಲಿ, ಒಂದು ಊರಿತ್ತಂತೆ. ಊರಿನ ಹೆಸರು ಬೇಡ. ಆ ಊರವರ ಮೊಮ್ಮಕ್ಕಳು ಇನ್ನೂ ಇದ್ದಾರೆ, ಜಗಳಕ್ಕೆ ಬರ್ತಾರೆ. ಆ ಊರಲ್ಲಿ ಬೆಟ್ಟಯ್ಯ ಅಂತ ಒಬ್ಬ, ಅವನ ಹೆಂಡತಿ ಚಿಕ್ಕತಾಯಿ, ಅವರಿಗೆ ಮೂರು ಮಕ್ಕಳು, ಒಂದು ಎಮ್ಮೆ. ಎಮ್ಮೆಯ ಒಂದು ಕೊಂಬು ಅರ್ಧಕ್ಕೇ ಮುರಿದಿತ್ತು, ಅದಕ್ಕೆ ಮೋಟುಕೊಂಬಿ ಅಂತ ಕರೀತಿದ್ರಂತೆ. ಚಿಕ್ಕತಾಯಿ ಮದುವೆಯಾಗಿ ಬರುವಾಗ ತವರಿಂದ ಹೊಡ್ಕೊಂಡು ಬಂದ ಎಮ್ಮೆ ಅದು. ಅದರ ಹಾಲಲ್ಲಿ ಮಕ್ಕಳು ಬೆಳೀತಿದ್ರು, ಮೊಸರು ಮಾರಿದ್ರೆ ಉಪ್ಪು ಎಣ್ಣೆ ಬರ್ತಿತ್ತು, ತುಪ್ಪ ಮಾರಿದ್ರೆ ಬಟ್ಟೆ ಬರ್ತಿತ್ತು. ನಿಮ್ಮ ಮನೇಲಿ ದುಡಿಯೋರು ಯಾರಮ್ಮ ಅಂತ ಯಾರಾದ್ರೂ ಕೇಳಿದ್ರೆ ಚಿಕ್ಕತಾಯಿ ಸುಮ್ಮನೆ ಕೊಟ್ಟಿಗೆ ಕಡೆ ಕೈ ತೋರಿಸ್ತಿದ್ದಳಂತೆ.

ಹಾಗಂತ ಬೆಟ್ಟಯ್ಯ ಸೋಮಾರಿಯಲ್ಲ, ಕುಡುಕನಲ್ಲ, ಕೆಟ್ಟವನಂತೂ ಅಲ್ಲವೇ ಅಲ್ಲ. ಅವನಿಗೆ ಇದ್ದದ್ದು ಒಂದೇ ಊನ. ಇಲ್ಲ ಅನ್ನೋ ಮಾತು ಅವನ ಬಾಯಲ್ಲಿ ಹೊರಡ್ತಿರ್ಲಿಲ್ಲ. ನಮ್ಮ ಹೊಲ ಉತ್ತುಕೊಡ್ತೀಯಾ ಅಂದ್ರೆ ಹ್ಞೂಂ. ನಮ್ಮ ಬಾವಿ ಹೂಳು ತೆಗೀತೀಯಾ ಅಂದ್ರೆ ಹ್ಞೂಂ. ಎರಡೂ ನಾಳೆ ಬೆಳಿಗ್ಗೇನೇ ಆಗಬೇಕು ಅಂದ್ರೂ ಹ್ಞೂಂ. ನೀನು ಈಗ ಹ್ಞೂಂಗುಟ್ತಾ ಇದ್ದೀಯಲ್ಲ, ಹಾಗೇ. ನೀನು ಕತೆ ಕೇಳೋಕೆ ಹ್ಞೂಂಗುಟ್ತೀಯ, ಅವನು ಸಂಸಾರವನ್ನೇ ಹ್ಞೂಂ ಅಂತ ನಡೆಸ್ತಿದ್ದ.

ಹೀಗಿರುವಾಗ ಆ ದೇಶದ ರಾಜ ಊರ ಮುಂದೆ ಒಂದು ರಸ್ತೆ ಹಾಕಿಸಿದನಂತೆ. ಯಾಕೆ ಹಾಕಿಸಿದ ಅಂತ ಯಾರಿಗೂ ಗೊತ್ತಿಲ್ಲ, ರಾಜರು ಕಾರಣ ಹೇಳೋರಲ್ಲ, ಅವನ ಆನೆ ಕಾಲಿಗೆ ಕಲ್ಲು ಚುಚ್ಚಿರಬೇಕು. ಅಲ್ಲೀತನಕ ಊರವರು ಬೆಲ್ಲ ಆಗಲಿ ಮಡಕೆ ಆಗಲಿ ರಾಗಿ ಆಗಲಿ ತಲೆ ಮೇಲೆ ಹೊತ್ತುಕೊಂಡು ಹಳ್ಳ ಇಳಿದು ದಿಣ್ಣೆ ಹತ್ತಿ ಪೇಟೆಗೆ ಹೋಗ್ತಿದ್ರು. ಈಗ ರಸ್ತೆ ಆಯ್ತು, ಗಾಡಿ ಹೋಗಬಹುದು. ಆದ್ರೆ ಊರಲ್ಲಿ ಗಾಡಿ ಇದ್ದದ್ದು ಒಂದೇ. ಗಾಣದ ಸಿದ್ದಶೆಟ್ಟಿಯದು. ಅವನ ಎತ್ತುಗಳು ಗಾಣ ಸುತ್ತೋಕೆ, ಗಾಡಿ ಗಾಣದ ಹಿಂದೆ ಕೋಳಿಗಳು ಮಲಗೋಕೆ.

ಬೆಟ್ಟಯ್ಯ ರಸ್ತೆ ಪಕ್ಕದ ಕಲ್ಲಿನ ಮೇಲೆ ಮೂರು ದಿನ ಕೂತು ರಸ್ತೆ ನೋಡಿದನಂತೆ. ಆಮೇಲೆ ಮನೆಗೆ ಬಂದು, ಚಿಕ್ಕತಾಯಿ ಮುದ್ದೆ ತಿರುವ್ತಾ ಕೂತಿದ್ಲು, ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ್ಕೊಂಡು, ನಾವೊಂದು ಗಾಡಿ, ಒಂದು ಜೊತೆ ಎತ್ತು ತಗೊಳ್ಳೋಣ, ಊರವರ ಹೊರೆಯೆಲ್ಲ ನಾವೇ ಪೇಟೆಗೆ ಸಾಗಿಸೋಣ, ಬಾಡಿಗೆ ಇಸ್ಕೊಳ್ಳೋಣ ಅಂದನಂತೆ. ಯಾವ ದುಡ್ಡಲ್ಲಿ ತಗೊಳ್ಳೋದು ಅಂದಳಂತೆ ಇವಳು. ಬೆಟ್ಟಯ್ಯ ಮೆಲ್ಲಗೆ ಕೊಟ್ಟಿಗೆ ಕಡೆ ನೋಡಿದ. ಮೋಟುಕೊಂಬಿ ಮೆಲುಕು ಹಾಕೋದು ನಿಲ್ಲಿಸಿತಂತೆ.

ಚಿಕ್ಕತಾಯಿಗೆ ಮೈಯೆಲ್ಲ ಉರೀತು. ಯೋಚನೆ ಕೆಟ್ಟದಾಗಿತ್ತು ಅಂತಲ್ಲ. ಯೋಚನೆ ಒಳ್ಳೇದೇ ಇತ್ತು, ಅದಕ್ಕೇ ಉರಿದದ್ದು. ಪೂರ್ತಿ ದಡ್ಡ ಮಾತಾಗಿದ್ರೆ ಮುದ್ದೆ ಜೊತೆ ಅದನ್ನೂ ತಿರುವಿ ಮುಗಿಸಿಬಿಡಬಹುದಿತ್ತು. ರಸ್ತೆ ಇದೆ, ಹೊರೆ ಇದೆ, ಹೊರೋಕೆ ಬೇರೆ ಯಾರೂ ಇಲ್ಲ. ಎಲ್ಲಾ ಸರಿ. ಆದ್ರೆ ಎಮ್ಮೆ ಹೋಗಿ ಬಾಡಿಗೆಯೂ ಬರದೇ ಇದ್ರೆ ಮಕ್ಕಳ ಬಾಯಿಗೆ ಏನು ಹಾಕೋದು? ಬಾಡಿಗೆ ಕೇಳೋರು ಯಾರು ಅಂತ ಕೇಳಿದಳಂತೆ. ಕೇಳೋದ್ಯಾಕೆ, ಅವರೇ ಕೊಡ್ತಾರೆ, ಎಲ್ಲಾ ನಮ್ಮೋರೇ ತಾನೆ ಅಂದನಂತೆ ಬೆಟ್ಟಯ್ಯ. ನಮ್ಮೋರೇ, ಅದಕ್ಕೇ ಕೇಳ್ತಾ ಇರೋದು ಅಂದಳಂತೆ ಇವಳು.

ಯಾಕೆ ಹಾಗಂದಳು ಗೊತ್ತಾ? ಆ ಊರಲ್ಲಿ ಪಟೇಲನಿಂದ ಹಿಡಿದು ಕುಂಬಾರರವರೆಗೆ ಒಬ್ಬರಿಗೊಬ್ಬರು ಹೊರಗಿನವರು ಅಂತ ಇರಲೇ ಇಲ್ಲವಂತೆ. ಒಬ್ಬ ಮಾವ, ಒಬ್ಬ ಭಾವ, ಒಬ್ಬಳು ಅತ್ತೆ, ಇನ್ನೊಬ್ಬಳು ದೊಡ್ಡವ್ವ. ರಕ್ತದಲ್ಲಿ ಏನೂ ಇಲ್ಲ, ಬರೀ ಬಾಯಿ ನೆಂಟಸ್ತಿಕೆ. ನೆಂಟರ ಹತ್ತಿರ ಕೂಲಿ ಕೇಳೋದು ಮರ್ಯಾದೆಯಲ್ಲ ಅಂತ ಬೇರೆ ಒಂದು ರೂಢಿ. ಹಾಗಾಗಿ ಆ ಊರಲ್ಲಿ ಯಾರಿಗಾದ್ರೂ ಬಿಟ್ಟಿ ಕೆಲಸ ಆಗಬೇಕು ಅಂದ್ರೆ ಮೊದಲು ನೆಂಟಸ್ತಿಕೆ ಹಚ್ಚಿ ಕರೀತಿದ್ರು. ಕರೆದಾಯ್ತು ಅಂದ್ರೆ ಕೆಲಸ ಆಯ್ತು ಅಂತಲೇ ಲೆಕ್ಕ.

ಆಮೇಲೆ ಚಿಕ್ಕತಾಯಿ ಒಂದು ಮಾತು ಹೇಳಿದಳಂತೆ. ಸಿದ್ದಶೆಟ್ಟಿ ಗಾಡಿ ಕೇಳಿ ತಗೋ, ಮೂರು ಹೊರೆ ಸಾಗಿಸು. ಮೂರರಲ್ಲಿ ಒಂದು ಸಲವಾದ್ರೂ ನೀನು ಬಾಡಿಗೆ ಇಸ್ಕೊಂಡು ಬಂದ್ರೆ ನಾನೇ ಕೈಯಾರೆ ಎಮ್ಮೆ ಬಿಚ್ಚಿಕೊಡ್ತೀನಿ. ತರ್ಲಿಲ್ಲ ಅಂದ್ರೆ ಆ ಎಮ್ಮೆ ಕಡೆ ಇನ್ನೊಂದು ಸಲ ಹಾಗೆ ನೋಡಬಾರದು. ಬೆಟ್ಟಯ್ಯ ಹ್ಞೂಂ ಅಂದ.

ಬೆಳಿಗ್ಗೆ ಹಾಲು ಕರೆಯೋಕೆ ಹೋದ್ರೆ ಕೊಟ್ಟಿಗೆಯ ಗೂಟದಲ್ಲಿ ಒಂದು ಹೊಸ ಹಗ್ಗ ನೇತಾಡ್ತಿದೆ. ಚಿಕ್ಕತಾಯಿಗೆ ನೋಡಿದ ಕೂಡಲೇ ಗೊತ್ತಾಯ್ತು. ದನದ ದಲ್ಲಾಳಿ ಕಾಳಪ್ಪನ ಹಗ್ಗ. ದನದ ಮಾತು ಆದ ಮೇಲೆ ಕೊಳ್ಳೋನು ತನ್ನ ಹಗ್ಗ ಬಿಟ್ಟು ಹೋಗ್ತಾನೆ, ಹಗ್ಗ ಇರೋತನಕ ಮಾತು ಇದ್ದ ಹಾಗೆ, ಅದು ಅಲ್ಲಿಯ ಪದ್ಧತಿ. ಬೆಟ್ಟಯ್ಯನ್ನ ಕರೆದು ಕೇಳಿದ್ರೆ, ಮೊನ್ನೆ ದಾರೀಲಿ ಸಿಕ್ಕಿ ಎಮ್ಮೆ ಕೊಡ್ತೀಯಾ ಅಂತ ಕೇಳಿದ, ಹ್ಞೂಂ ಅಂದೆ, ಹಗ್ಗ ಕೈಗೆ ಕೊಟ್ಟ, ಅಮಾವಾಸ್ಯೆ ಕಳೆದ ಮೇಲೆ ಬರ್ತಾನಂತೆ, ಅಂತ ಕತ್ತು ಕೆರ್ಕೊಂಡನಂತೆ.

ಅವನು ಕೇಳಿದ್ದಕ್ಕೂ ಹ್ಞೂಂ, ನಾನು ಹೇಳಿದ್ದಕ್ಕೂ ಹ್ಞೂಂ, ಎಮ್ಮೆನ ಒಂದು ಮಾತು ಕೇಳಿದ್ಯಾ ಅಂದಳಂತೆ ಚಿಕ್ಕತಾಯಿ.

ಬೆಟ್ಟಯ್ಯ ಅದಕ್ಕೂ ಹ್ಞೂಂ ಅನ್ನೋದ್ರಲ್ಲಿದ್ದ, ಅವಳ ಮುಖ ನೋಡಿ ನುಂಗಿಕೊಂಡ.

ಆಮೇಲೆ ಸಿದ್ದಶೆಟ್ಟಿ ಹತ್ತಿರ ಹೋದ್ರೆ ಆ ಮನುಷ್ಯ ಬೇಡ ಅನ್ನಲಿಲ್ಲ. ಗಾಣ ಇಲ್ಲದ ದಿನ ಎತ್ತು ಹೊಡ್ಕೊಂಡು ಹೋಗು, ಹುಲ್ಲು ನಿಂದು, ಅಚ್ಚಿಗೆ ಎಣ್ಣೆ ನಂದು, ಸೊಂಟ ನೋವಾದ್ರೆ ನಂಗೆ ಹೇಳಬೇಡ ಅಂದನಂತೆ. ಕೋಳಿಗಳು ಮಾತ್ರ ತುಂಬಾ ಬೇಜಾರು ಮಾಡ್ಕೊಂಡವಂತೆ.

ಮೊದಲನೇ ಹೊರೆ ಆಲೆಮನೆ ಜವರಪ್ಪನ ಬೆಲ್ಲ. ಹೊತ್ತು ಹುಟ್ಟೋ ಮೊದಲೇ ಹೇರಿ, ಪೇಟೆಗೆ ಹೋಗಿ, ಮಂಡಿಯಲ್ಲಿ ಇಳಿಸಿ, ಜವರಪ್ಪ ವ್ಯಾಪಾರ ಮುಗಿಸೋತನಕ ಕಾದು, ಅವನನ್ನೂ ಕೂರಿಸಿಕೊಂಡು ಬೆಟ್ಟಯ್ಯ ವಾಪಸ್ ಬಂದ. ಮನೆ ಮುಂದೆ ಇಳಿದ ಜವರಪ್ಪ, ಭಾವಾ, ನೀನೇನು ಬೇರೆಯವನಾ, ಊಟ ಮಾಡ್ಕೊಂಡೇ ಹೋಗಬೇಕು ಅಂತ ಕೈ ಹಿಡಿದು ಎಳೆದು, ಊಟ ಹಾಕಿ, ಬೆನ್ನು ತಟ್ಟಿ, ಒಂದು ಕುಂಬಳಕಾಯಿ ಕೊಟ್ಟು ಕಳಿಸಿದನಂತೆ. ಬೆಟ್ಟಯ್ಯ ಅದನ್ನ ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬೀದಿಯುದ್ದಕ್ಕೂ ನಗ್ತಾ ಬಂದ.

ಬಾಡಿಗೆ ಎಲ್ಲಿ ಅಂದಳು ಚಿಕ್ಕತಾಯಿ. ಭಾವ ಅಂತ ಕರೆದ ಕಣೇ, ಹೇಗೆ ಕೇಳೋದು ಅಂದ. ಎತ್ತು ಏನು ತಿಂದ್ವು ಅಂದಳು. ಹುಲ್ಲು ಅಂದ. ಯಾರ ಹುಲ್ಲು ಅಂದಳು. ನಮ್ಮ ಬಣವೆದು ಅಂದ. ಅಂದ್ರೆ ಮೋಟುಕೊಂಬಿ ಹುಲ್ಲು ತಿಂದು ಜವರಪ್ಪನ ಬೆಲ್ಲ ಹೊತ್ವು ಅಂದಳು. ಹ್ಞೂಂ ಅಂದ. ಅವಳು ಕುಂಬಳಕಾಯಿ ಹೆಚ್ಚಿದಳು. ಮೊದಲ ದಿನ ಹುಳಿ ಮಾಡಿದಳು, ಮಾರನೇ ದಿನ ಪಲ್ಯ ಮಾಡಿದಳು, ಮೂರನೇ ದಿನ ಸುಮ್ಮನೆ ಬೇಯಿಸಿ ತಟ್ಟೆಗೆ ಹಾಕಿದಳು. ಇದೇನವ್ವಾ ದಿನಾ ಇದೇ ಅಂತ ಮಕ್ಕಳು ಮುಖ ಹುಳ್ಳಗೆ ಮಾಡ್ಕೊಂಡ್ರೆ, ಇದು ಕುಂಬಳಕಾಯಿಯಲ್ಲ, ನಿಮ್ಮಪ್ಪನ ಬಾಡಿಗೆ, ಬಿಸಿ ಇದ್ದಾಗಲೇ ತಿನ್ನಿ ಅಂದಳಂತೆ.

ಆಮೇಲೆ ಎರಡನೇ ಹೊರೆ. ಕುಂಬಾರ ದೇವೀರಮ್ಮನ ಮಡಕೆ. ದೇವೀರಮ್ಮ ಅವನನ್ನ ಮಗಾ ಅಂತ ಕರೆದಳು, ಅಲ್ಲಿಗೆ ಬಾಡಿಗೆ ಕತೆ ಮೊದಲೇ ಮುಗೀತು. ಹೋಗಲಿ, ಹೊರೆ ಸಾಗಿಸೋದಾದ್ರೂ ಸರಿಯಾಗಿ ಸಾಗಿಸಿದ್ನಾ? ಮಡಕೆಗಳನ್ನ ಹುಲ್ಲಲ್ಲಿ ಚೆನ್ನಾಗಿಯೇ ಹೂತಿಟ್ಟಿದ್ದ. ದಾರೀಲಿ ಒಬ್ಬ ಮುದುಕ ಕೈ ಅಡ್ಡ ಹಾಕಿ ಹತ್ಕೊಳ್ಲಾ ಅಂದ, ಬೆಟ್ಟಯ್ಯ ಹ್ಞೂಂ ಅಂದ. ಮುದುಕನ ಜೊತೆ ಒಂದು ಆಡಿತ್ತು, ಇದೂ ಹತ್ಕೊಳ್ಲಾ ಅಂದ, ಹ್ಞೂಂ ಅಂದ. ಆಡಿಗೆ ಗಾಡಿ ಅಂದ್ರೆ ಏನು ಗೊತ್ತು, ಮಡಕೆ ಅಂದ್ರೆ ಏನು ಗೊತ್ತು. ಹುಲ್ಲು ಕಂಡಿತು, ಮೇಲೆ ಹತ್ತಿ ನಿಂತು ಮೇಯೋಕೆ ಶುರು ಮಾಡಿತು. ಪೇಟೆ ಸೇರೋ ಹೊತ್ತಿಗೆ ಆಡಿನ ಹೊಟ್ಟೆ ತುಂಬಿತ್ತು, ಅರ್ಧ ಗಾಡಿ ಮಡಕೆ ಒಡೆದು ಬರೀ ಬೋಕಿ. ಹೆತ್ತ ಮಗನ ಹಾಗೆ ನೋಡ್ಕೊಂಡೆ, ಹೀಗೆ ಮಾಡಿದ್ಯಲ್ಲೋ ಅಂತ ಮೊದಲೇ ನಡೆದು ಬಂದು ಕಾಯ್ತಿದ್ದ ದೇವೀರಮ್ಮ ಸಂತೆ ನಡುವೆ ಕೂತು ಅತ್ತಳಂತೆ. ಬೆಟ್ಟಯ್ಯನಿಗೂ ಕಣ್ಣಲ್ಲಿ ನೀರು ಬಂತು, ಹೆಗಲ ಮೇಲಿದ್ದ ಹೊಸ ಕಂಬಳಿ ತೆಗೆದು ಅವಳಿಗೆ ಹೊದಿಸಿ ಬಂದ.

ಬಾಡಿಗೆ ಬಂತಾ ಅಂದಳು ಚಿಕ್ಕತಾಯಿ. ಕೊಟ್ಟು ಬಂದೆ ಅಂದ ಬೆಟ್ಟಯ್ಯ.

ಅವಳು ಬೈಯಲಿಲ್ಲ. ಬೈಯೋಕೂ ಮೈಯಲ್ಲಿ ಶಕ್ತಿ ಬೇಕು. ಚೆಂಬು ತಗೊಂಡು ಕೊಟ್ಟಿಗೆಗೆ ಹೋಗಿ, ಮೋಟುಕೊಂಬಿಯ ಪಕ್ಕೆಗೆ ಹಣೆ ಒತ್ತಿ ಹಾಲು ಕರೀತಾ ಕೂತಳು. ತಲೆ ಎತ್ತಿದಾಗೆಲ್ಲ ಗೂಟದ ಮೇಲೆ ಕಾಳಪ್ಪನ ಹಗ್ಗ. ಅಮಾವಾಸ್ಯೆ ಹತ್ತಿರ ಬರ್ತಿತ್ತು. ಅವಳು ಯೋಚನೆ ಮಾಡಿದಳಂತೆ: ರಸ್ತೆ ಚೆನ್ನಾಗಿದೆ, ಗಾಡಿ ಗಟ್ಟಿಯಾಗಿದೆ, ಎತ್ತುಗಳಿಗೆ ಒಂದೇ ಕಡೆ ಸುತ್ತಿ ಸುತ್ತಿ ಬೇಜಾರಾಗಿ ನೆಟ್ಟಗೆ ನಡೆಯೋದು ಅಂದ್ರೆ ಖುಷಿ. ಕೆಟ್ಟಿರೋದು ಗಂಡನ ಬಾಯಿ ಒಂದೇ. ಅದನ್ನ ರಿಪೇರಿ ಮಾಡೋ ಬಡಗಿ ಇನ್ನೂ ಹುಟ್ಟಿಲ್ಲ.

ಮಲಗಿದ್ಯಾ? ಇಲ್ವಾ? ಹಾಗಾದ್ರೆ ಹ್ಞೂಂ ಅನ್ನು.

ಮೂರನೇ ಹೊರೆ ತಾನಾಗೇ ಮನೆ ಬಾಗಿಲಿಗೆ ಬಂತಂತೆ. ಪಟೇಲ ಚೆಲುವೇಗೌಡ. ಊರಿಗೇ ದೊಡ್ಡವನು, ಜಿಪುಣತನದಲ್ಲೂ ಅವನೇ ದೊಡ್ಡವನು. ಅವನು ಹೊಸ ಮನೆ ಕಟ್ಟಿಸ್ತಿದ್ದ. ಗೋಡೆ ಎದ್ದಿತ್ತು, ಬಾಗಿಲು ನಿಂತಿತ್ತು, ಹೊಸಿಲು ಪೂಜೆ ಆಗಿತ್ತು, ಮೇಲೆ ಹೊದಿಸೋಕೆ ಪೇಟೆಯಿಂದ ಹೆಂಚು ಬರಬೇಕಿತ್ತು, ಮೂರು ಗಾಡಿ ಹೆಂಚು. ಅಂಗಳದಲ್ಲಿ ನಿಂತು ಬೀದಿಗೆಲ್ಲ ಕೇಳೋ ಹಾಗೆ, ನಮ್ಮ ಸೊಸೆ ಮನೇಲೇ ಗಾಡಿ ಓಡಾಡ್ತಿರುವಾಗ ನಾನ್ಯಾಕಪ್ಪ ಹೊರಗಿನವರನ್ನ ಕೇಳ್ಲಿ, ನಾಳೆ ಹೋಗಿಬಿಡು ಅಳಿಯಾ ಅಂದನಂತೆ. ಬೆಟ್ಟಯ್ಯ ಏನಂದ? ಹ್ಞೂಂ ಅಂದ.

ಚಿಕ್ಕತಾಯಿ ಒಳಗೆ ಮಜ್ಜಿಗೆ ಕಡೀತಿದ್ದಳು. ಸೊಸೆ ಅನ್ನೋ ಮಾತು ಕಿವಿಗೆ ಬಿತ್ತು, ಕಡಗೋಲು ನಿಂತಿತು. ಆ ಮಾತನ್ನ ಅವಳು ಆ ಊರಲ್ಲಿ ಸಾವಿರ ಸಲ ಕೇಳಿದ್ದಳು. ಸೊಸೆ, ಸ್ವಲ್ಪ ಮೊಸರು ಕೊಡು. ಸೊಸೆ, ಮದುವೆ ಮನೇಲಿ ಪಾತ್ರೆ ತಿಕ್ಕು. ಸೊಸೆ ಅಂತ ಕರೆದು ಯಾರೂ ಏನೂ ಕೊಟ್ಟದ್ದಿಲ್ಲ. ಆದ್ರೆ ಸೊಸೆಗೆ ಕೊಡೋದು ಅಂತ ಒಂದು ಇದೆ ಅಲ್ವಾ, ಅದನ್ನ ಎಲ್ಲರೂ ಜಾಣತನದಲ್ಲಿ ಮರೆತಿದ್ದಾರೆ ಅನ್ನೋದು ಅವಳಿಗೆ ಆಗ ಹೊಳೀತಂತೆ. ಹೊರಗೆ ಬಂದು, ನಾಳೆ ನಾನೂ ಗಾಡೀಲಿ ಬರ್ತೀನಿ ಅಂದಳು. ಯಾಕೆ ಅಂತ ಬೆಟ್ಟಯ್ಯ ಕೇಳಲಿಲ್ಲ. ಕೇಳೋದೂ ಅವನ ಅಭ್ಯಾಸವಲ್ಲ.

ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿ, ಮದುವೆ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು, ಹೂ ಮುಡಿದು, ಗಾಡಿ ಹತ್ತಿ ಕೂತಳಂತೆ. ನೀರಿಗೆ ಬಂದಿದ್ದ ಹೆಂಗಸರು, ಏನವ್ವಾ, ಹೆಂಚು ತರೋಕೆ ಇಷ್ಟು ಸಿಂಗಾರವಾ, ಅಂತ ನಕ್ಕರು. ಹೆಂಚು ತರೋದು ಅವರು, ನಾನು ಮಾವನ ಮನೆಗೆ ಹೋಗ್ತಿದ್ದೀನಿ ಅಂದಳು ಚಿಕ್ಕತಾಯಿ.

ಆಮೇಲೆ ಪೇಟೆಗೆ ಹೋದ್ರು, ಹೆಂಚು ಹೇರಿದ್ರು, ಸಂಜೆ ಬಿಸಿಲು ಇಳಿಯೋ ಹೊತ್ತಿಗೆ ಪಟೇಲನ ಹೊಸ ಮನೆ ಮುಂದೆ ಗಾಡಿ ನಿಂತಿತು. ಹೆಂಚು ಅಂದ್ರೆ ಆ ಊರಿಗೆ ಹೊಸದು, ನೋಡೋಕೆ ಅರ್ಧ ಊರೇ ನೆರೆದಿತ್ತು. ಪಟೇಲ ಒಂದೊಂದು ಹೆಂಚನ್ನೂ ತಟ್ಟಿ ಸದ್ದು ಕೇಳಿ ಇಳಿಸಿಕೊಂಡ. ಎಲ್ಲಾ ಇಳಿದ ಮೇಲೆ ಕೈ ಒರೆಸ್ಕೊಂಡು, ಸರಿ ಅಳಿಯಾ, ಎರಡನೇ ಗಾಡಿ ನಾಳಿದ್ದು ಬರಲಿ ಅಂದ. ಬೆಟ್ಟಯ್ಯ ಎತ್ತು ತಿರುಗಿಸೋಕೆ ಹೋದ. ಚಿಕ್ಕತಾಯಿ ಗಾಡಿ ಇಳಿದು, ಕಾಲಿಗೆ ನೀರು ಹಾಕ್ಕೊಂಡು, ಹೊಸ ಮನೆಯ ಹೊಸಿಲ ಮುಂದೆ ಹೋಗಿ ಕೂತು ಸೆರಗು ಒಡ್ಡಿದಳಂತೆ.

ಮಡಿಲು ತುಂಬೋದು ನಿನಗೆ ಗೊತ್ತಲ್ಲ? ನಿಮ್ಮಮ್ಮ ಇಲ್ಲಿಂದ ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಹಾಕಿ ಕಳಿಸ್ತೀನಲ್ಲ, ಅದು. ಮಗಳಾಗಲಿ ಸೊಸೆಯಾಗಲಿ, ಬಾಗಿಲಿಗೆ ಬಂದು ಸೆರಗು ಒಡ್ಡಿದ ಮನೆ ಹೆಣ್ಣನ್ನ ಬರಿ ಮಡಿಲಲ್ಲಿ ಕಳಿಸಿದ್ರೆ ಆ ಮನೆ ಕಣಜ ತುಂಬಲ್ಲ ಅಂತಾರೆ. ಅದರಲ್ಲೂ ಹೊಸ ಮನೆ, ಹೊಸಿಲ ಮೇಲಿನ ಅರಿಶಿನ ಇನ್ನೂ ಒಣಗಿಲ್ಲ. ನಿಜವೋ ಸುಳ್ಳೋ ಯಾರೂ ಪರೀಕ್ಷೆ ಮಾಡಿ ನೋಡಿದವರಿಲ್ಲ. ತಮ್ಮ ಕಣಜ ಇಟ್ಟು ಪರೀಕ್ಷೆ ಮಾಡೋರು ಯಾರು?

ಪಟೇಲ ಇದೇನಮ್ಮ ಅಂದ. ಚಿಕ್ಕತಾಯಿ ತಲೆ ಎತ್ತದೇ, ದನಿ ಏರಿಸದೇ ಹೇಳಿದಳಂತೆ.

“ಮಾವಯ್ಯ, ನಾನು ನಿಮ್ಮ ಸೊಸೆ ಅಂತ ಬೀದಿಗೆಲ್ಲ ಕೇಳೋ ಹಾಗೆ ನೀವೇ ಹೇಳಿದ್ರಿ. ಸೊಸೆ ಹೌದಾದ್ರೆ ಮಡಿಲು ತುಂಬಿ. ಅಲ್ಲ ಅಂದ್ರೆ ಬಾಡಿಗೆ ಕೊಡಿ. ಎರಡೂ ಇಲ್ಲ ಅಂದ್ರೆ ನಾನು ಯಾರು ಅಂತ ಈ ಜನದ ಮುಂದೆ ಒಂದು ಮಾತು ಹೇಳಿಬಿಡಿ, ಎದ್ದು ಹೋಗ್ತೀನಿ.”

ಪಟೇಲ ಜನದ ಮುಖ ನೋಡಿದ. ಜನ ಅವನ ಮುಖ ನೋಡಿದ್ರು. ಹೆಂಚು ನೋಡೋಕೆ ಬಂದವರು ಯಾರೂ ಈಗ ಹೆಂಚು ನೋಡ್ತಿರ್ಲಿಲ್ಲ. ಅಷ್ಟರಲ್ಲಿ ಒಳಗಿಂದ ಪಟೇಲನ ಹೆಂಡತಿ ಮೊರ ಹಿಡ್ಕೊಂಡು ಓಡಿ ಬಂದಳಂತೆ. ಬಾಯಿಗೆ ಬಂದ ಹಾಗೆ ಸೊಸೆ ಸೊಸೆ ಅಂತ ಕರೆಯುವಾಗ ಗೊತ್ತಿರಲಿಲ್ವಾ, ಹೊಸ ಮನೆ ಬಾಗಿಲಲ್ಲಿ ಮುತ್ತೈದೆನ ಹೀಗೆ ಕೂರಿಸ್ತಾರಾ, ಅಂತ ಗಂಡನಿಗೆ ಗದರಿ, ಬೊಗಸೆ ಬೊಗಸೆ ಅಕ್ಕಿ, ಜೋಡಿ ಕಾಯಿ, ಬೆಲ್ಲ, ಬೇಳೆ, ಎಲೆ ಅಡಿಕೆ ಸೆರಗಿಗೆ ಹಾಕಿದಳು. ಪ್ರತಿ ಬೊಗಸೆಗೂ ಪಟೇಲನ ಕತ್ತು ಸ್ವಲ್ಪ ಸ್ವಲ್ಪ ಬಗ್ತಿತ್ತಂತೆ. ಚಿಕ್ಕತಾಯಿ ಅವನ ಕಾಲಿಗೆ ನಮಸ್ಕಾರ ಮಾಡಿ, ನಾಳಿದ್ದು ಬರ್ತೀನಿ ಮಾವಯ್ಯ ಅಂತ ಹೇಳಿ ಗಾಡಿ ಹತ್ತಿದಳು.

ನಾಳಿದ್ದು ಬಂದಳು. ಅದೇ ಸೀರೆ, ಅದೇ ಹೂ, ಅದೇ ಹೊಸಿಲು. ಈ ಸಲ ಪಟೇಲನ ಹೆಂಡತಿ ರವಿಕೆ ಕಣವನ್ನೂ ಇಟ್ಟಳಂತೆ, ಮೊದಲನೇ ಸಲ ಮರೆತಿದ್ದೆ ಅಂತ.

ಮೂರನೇ ಗಾಡಿಗೆ ಚಿಕ್ಕತಾಯಿ ಮೂರು ಮಕ್ಕಳನ್ನೂ ಎಣ್ಣೆ ಹಚ್ಚಿ ತಲೆ ಬಾಚಿ ಗಾಡಿ ಹತ್ತಿಸಿದಳು. ತಾತನ ಮನೆಗೆ ಹೋಗ್ತಿದ್ದೀವಿ, ಇಳಿದ ಕೂಡಲೇ ತಾತಾ ಅಂತ ಕರೀಬೇಕು ಅಂತ ದಾರಿಯುದ್ದಕ್ಕೂ ಹೇಳಿಕೊಟ್ಟಳು. ಪಟೇಲ ದೂರದಿಂದಲೇ ನೋಡಿದನಂತೆ. ಹೆಂಚಿನ ಮೇಲೆ ಮೂರು ತಲೆ ಸಾಲಾಗಿ ಕಾಣ್ತಿವೆ. ಮೊಮ್ಮಕ್ಕಳು ಮೊದಲ ಸಲ ಮನೆಗೆ ಬಂದ್ರೆ ಬರಿಗೈಯಲ್ಲಿ ಕಳಿಸೋ ಹಾಗಿಲ್ಲ, ಅದೂ ಒಂದು ರೂಢಿ. ಗಾಡಿ ಮನೆ ಹತ್ತಿರ ಬರೋಕೂ ಬಿಡದೇ ಪಟೇಲ ರಸ್ತೆಗೇ ಓಡಿ ಬಂದು, ಬಾಡಿಗೆ ತಗೊಳಮ್ಮ ಅಂದ. ಅಯ್ಯೋ, ನಮ್ಮ ನಮ್ಮಲ್ಲಿ ಬಾಡಿಗೆ ಮಾತಾ ಮಾವಯ್ಯ ಅಂದಳು ಚಿಕ್ಕತಾಯಿ. ಇಲ್ಲಮ್ಮ, ತಗೋ ಅಂದ. ಬೇರೆಯವರಾ ನಾವು ಅಂದಳು. ಅವನಿಗೆ ಅಳುವೇ ಬಂತಂತೆ. ನಮ್ಮಿಂದ ಈ ನೆಂಟಸ್ತಿಕೆ ಪೂರೈಸಲ್ಲ ಕಣಮ್ಮ, ಮೂರು ಗಾಡಿಯ ಬಾಡಿಗೆನೂ ಇಲ್ಲೇ ಇದೆ, ಇನ್ಮೇಲೆ ನೀವು ಗಾಡಿಯವರು, ನಾವು ಹೆಂಚಿನವರು, ಅಷ್ಟೇ, ಅಂದ. ಮೂರು ಸಲ ಕೇಳಿಸಿಕೊಂಡ ಮೇಲೆ ಚಿಕ್ಕತಾಯಿ ಕೈ ಚಾಚಿದಳು. ದೊಡ್ಡವರ ಮಾತು ಮೀರಬಾರದಲ್ಲ, ಅದಕ್ಕೆ. ಮಕ್ಕಳಿಗೆ ಮಾತ್ರ ತಾತಾ ಅನ್ನೋ ಅವಕಾಶವೇ ಸಿಗಲಿಲ್ಲ ಅಂತ ಬೇಜಾರಾಯ್ತಂತೆ.

ಈಗ ನೋಡು, ಮನೆಗೆ ಬಂದ ಕೂಡಲೇ ಬೆಟ್ಟಯ್ಯ ಕುಣಿದಾಡ್ತಾನೆ. ಬಾಡಿಗೆ ಬಂತು, ಮೂರರಲ್ಲಿ ಒಂದು ಸಲ ಬಂತು, ಮಾತಿನ ಪ್ರಕಾರ ಎಮ್ಮೆ ಬಿಚ್ಚು, ಗಾಡಿ ಎತ್ತು ತಗೊಳ್ಳೋಣ ಅಂತಾನೆ. ಚಿಕ್ಕತಾಯಿ ಹಣೆ ಚಚ್ಚಿಕೊಂಡಳಂತೆ. ನಾನು ಏನಂದಿದ್ದೆ, ನೀನು ಬಾಡಿಗೆ ಇಸ್ಕೊಂಡು ಬಂದ್ರೆ ಅಂದಿದ್ದೆ, ಇದನ್ನ ಇಸ್ಕೊಂಡದ್ದು ಯಾರು ಅಂತ ಕೇಳಿದಳು. ಬೆಟ್ಟಯ್ಯ ತುಂಬಾ ಹೊತ್ತು ಯೋಚಿಸಿ, ನೀನು ಅಂದ. ಎಮ್ಮೆ ಇರೋ ಕಡೆ ಇರಲಿ, ಗಾಡಿ ಕೆಲಸವೂ ನಡೀಲಿ, ಎರಡಕ್ಕೂ ದಾರಿ ಇದೆ ಅಂತ ಹೇಳಿ ಅವಳು ನೆಟ್ಟಗೆ ಸಿದ್ದಶೆಟ್ಟಿ ಗಾಣಕ್ಕೆ ಹೋದಳಂತೆ. ಗಾಡಿ ಎತ್ತು ನಿಂದು, ದುಡಿಮೆ ನಮ್ಮದು, ಬಂದ ಬಾಡಿಗೆ ಅರ್ಧ ಅರ್ಧ. ಸಿದ್ದಶೆಟ್ಟಿಗೆ ಕೋಳಿ ಹಿಕ್ಕೆಯಿಂದ ಬಾಡಿಗೆ ಬಂದ ಇತಿಹಾಸವೇ ಇರಲಿಲ್ಲ, ಕೂಡಲೇ ಒಪ್ಪಿದ. ಆಮೇಲೆ ಮೆಲ್ಲಗೆ, ಆ ಮಡಿಲಕ್ಕಿಯಲ್ಲಿ ನಂದೂ ಪಾಲು ಬರುತ್ತಾ ಅಂದ. ಚಿಕ್ಕತಾಯಿ ಅವನನ್ನ ಸುಮ್ಮನೆ ನೋಡಿದಳು. ಅವನು ಗಾಣದ ಕಡೆ ತಿರುಗಿ, ಈ ಎಳ್ಳು ಯಾಕೋ ಸರಿಯಾಗಿ ಒಣಗಿಲ್ಲ ಅಂದನಂತೆ.

ಉಳಿದದ್ದು ಹಗ್ಗ ಒಂದೇ.

ಅಮಾವಾಸ್ಯೆ ಕಳೆದ ಮಾರನೇ ದಿನ ದಲ್ಲಾಳಿ ಕಾಳಪ್ಪ ಬಂದೇ ಬಂದ. ಚಿಕ್ಕತಾಯಿ ಗಂಡನಿಗೆ ಮೊದಲೇ ಹೇಳಿಬಿಟ್ಟಿದ್ದಳು, ಹ್ಞೂಂ ಅಂದವನು ನೀನು, ಅದನ್ನ ವಾಪಸ್ ತಗೊಳ್ಳೋನೂ ನೀನೇ, ನಾನು ಬಾಯಿ ಹಾಕಲ್ಲ, ಅಂತ. ಹೇಳಿದಳು ಅಷ್ಟೇ, ಬಾಗಿಲ ಮರೆಯಲ್ಲಿ ನಿಂತಿದ್ದವಳಿಗೆ ಎದೆ ಹೊಡ್ಕೊಳ್ತಿತ್ತು. ಮಾತಿಗೆ ತಪ್ಪದ ಗಂಡ ಅಂತ ಊರವರು ಹೊಗಳ್ತಾರಲ್ಲ, ಆ ಹೊಗಳಿಕೆಗೆ ಅವಳ ಎಮ್ಮೆ ಹೋಗೋದ್ರಲ್ಲಿತ್ತು. ಕಾಳಪ್ಪ ಗೂಟದಿಂದ ಹಗ್ಗ ತೆಗೆದು ಮೋಟುಕೊಂಬಿಯ ಕತ್ತಿಗೆ ಅಳತೆ ನೋಡಿದ. ಹೊಡ್ಕೊಂಡು ಹೋಗ್ಲಾ ಬೆಟ್ಟಯ್ಯ ಅಂದ. ಬೆಟ್ಟಯ್ಯ ಬಾಯಿ ತೆರೆದ. ತುಟಿ ಅಭ್ಯಾಸದ ಪ್ರಕಾರ ಹ್ಞೂಂ ಅನ್ನೋಕೆ ಸಿದ್ಧವಾಯ್ತು. ಮೂರು ಮಕ್ಕಳು ಎಮ್ಮೆ ಕಾಲಿನ ಹತ್ತಿರ ನಿಂತು ಅವನ ಬಾಯನ್ನೇ ನೋಡ್ತಿದ್ವು. ಅವನ ಮುಖ ಕೆಂಪಾಯ್ತು, ಬೆವರು ಬಂತು.

“ಇಲ್ಲ,” ಅಂದನಂತೆ.

ಏನು ಅಂದ ಕಾಳಪ್ಪ, ಅವನು ಆ ಬಾಯಿಂದ ಆ ಮಾತು ಕೇಳಿರಲಿಲ್ಲ. ಇಲ್ಲ, ಎಮ್ಮೆ ಕೊಡಲ್ಲ, ಅಂದ ಬೆಟ್ಟಯ್ಯ, ಈ ಸಲ ಗಟ್ಟಿಯಾಗಿ. ಆಕಾಶ ಬೀಳಲಿಲ್ಲ. ಭೂಮಿ ಬಿರಿಯಲಿಲ್ಲ. ಅವನು ಸುತ್ತಲೂ ಒಂದು ಸಲ ನೋಡಿಕೊಂಡನಂತೆ, ನಿಜವಾಗಿಯೂ ಏನೂ ಆಗಲಿಲ್ವಾ ಅಂತ.

ಕಾಳಪ್ಪ ಗೊಣಗಿದ, ಬಂದ ದಾರಿ ದಂಡ ಅಂದ, ಸರಿ ನನ್ನ ಹಗ್ಗ ನಂಗೆ ಕೊಡಿ ಅಂದ. ಆಗ ಚಿಕ್ಕತಾಯಿ ಚೆಂಬು ತುಂಬ ಮಜ್ಜಿಗೆ ಹಿಡ್ಕೊಂಡು ಹೊರಗೆ ಬಂದಳಂತೆ. ಕೂತ್ಕೊಳಣ್ಣ, ಬಿಸಿಲಲ್ಲಿ ಬಂದಿದ್ದೀಯ ಅಂತ ಮಜ್ಜಿಗೆ ಕೊಟ್ಟಳು. ಅವನು ಕುಡಿಯೋತನಕ ಕಾದಳು. ಆಮೇಲೆ ಹಗ್ಗ ಕೈಗೆ ತಗೊಂಡು, ತಂಗಿ ಮನೇಲಿ ಬಿಟ್ಟ ಹಗ್ಗನ ಯಾರಾದ್ರೂ ವಾಪಸ್ ಕೇಳ್ತಾರಾ ಅಣ್ಣ, ನಾವೇನು ಬೇರೆಯವರಾ ಅಂದಳಂತೆ. ಕಾಳಪ್ಪ ಖಾಲಿ ಚೆಂಬು ನೋಡಿದ, ಹಗ್ಗ ನೋಡಿದ, ಅವಳ ಮುಖ ನೋಡಿದ, ಎದ್ದು ಹೋದ.

ಆ ಹಗ್ಗವೇ ಗಾಡಿಯ ಹೊರೆ ಬಿಗಿಯೋ ಹಗ್ಗ ಆಯ್ತಂತೆ. ಬಾಡಿಗೆ ಕೈಗೆ ಬಂದ ಮೇಲೇ ಹಗ್ಗ ಬಿಗಿಯೋದು ಅಂತ ಚಿಕ್ಕತಾಯಿ ಕಟ್ಟಳೆ ಮಾಡಿದಳು. ಜವರಪ್ಪನೂ ಕೊಟ್ಟ, ದೇವೀರಮ್ಮನೂ ಕೊಟ್ಟಳು, ಅವಳ ಬಾಡಿಗೆಯಲ್ಲಿ ಒಡೆದ ಮಡಕೆಗಳಿಗೆ ಅಂತ ಚಿಕ್ಕತಾಯಿ ಸ್ವಲ್ಪ ಬಿಟ್ಟಳು, ಕಂಬಳಿ ಮಾತ್ರ ವಾಪಸ್ ಇಸ್ಕೊಂಡಳು. ಯಾರಾದ್ರೂ ಬಿಟ್ಟಿ ಸವಾರಿ ಆಸೆಗೆ ರಸ್ತೆಯಲ್ಲಿ ಕೈ ಅಡ್ಡ ಹಾಕಿದ್ರೆ, ಮೊದಲು ಗಾಡಿ ಮೇಲೆ ಮದುವೆ ಸೀರೆ ಕಾಣುತ್ತಾ ಅಂತ ನೋಡ್ಕೊಂಡು, ಕಂಡ್ರೆ ಸುಮ್ಮನೆ ನಡೆದೇ ಹೋಗ್ತಿದ್ರಂತೆ. ಬೆಟ್ಟಯ್ಯನಿಗೆ ಇಲ್ಲ ಅನ್ನೋದು ಎಷ್ಟು ರುಚಿಸಿತು ಅಂದ್ರೆ ಒಂದು ವಾರ ಎಲ್ಲದಕ್ಕೂ ಅದನ್ನೇ ಹೇಳ್ತಿದ್ದನಂತೆ. ನೀರು ಸೇದಿಕೊಡು ಅಂದ್ರೆ ಇಲ್ಲ, ಸೌದೆ ಒಡೆದುಕೊಡು ಅಂದ್ರೆ ಇಲ್ಲ. ಚಿಕ್ಕತಾಯಿ ಎರಡು ದಿನ ಮತ್ತೆ ಕುಂಬಳಕಾಯಿ ಬೇಯಿಸಿದ ಮೇಲೆ ಸರಿಹೋಯ್ತು. ಬರಬರುತ್ತಾ ಅವರು ಸ್ವಂತ ಎತ್ತು ಕಟ್ಟಿದ್ರು, ಸ್ವಂತ ಗಾಡಿ ಮಾಡಿಸಿದ್ರು, ಸಿದ್ದಶೆಟ್ಟಿಯ ಗಾಡಿ ಅವನ ಕೋಳಿಗಳಿಗೇ ವಾಪಸ್ ಸಿಕ್ಕಿತು, ಮೋಟುಕೊಂಬಿ ಇನ್ನೊಂದು ಕರು ಹಾಕಿತು, ಎಲ್ಲಾ ಚೆನ್ನಾಗಿದ್ರಂತೆ.

ಎತ್ತು ಕೊಟ್ಟಿಗೆ ಸೇರಿದ್ವು, ನೊಗ ಗೋಡೆಗೆ ಒರಗಿತು, ಹಗ್ಗ ಗೂಟ ಸೇರಿತು, ಮೋಟುಕೊಂಬಿ ನಿಲ್ಲಿಸಿದ್ದ ಮೆಲುಕು ಮತ್ತೆ ಹಾಕೋಕೆ ಶುರು ಮಾಡ್ತು, ಅಲ್ಲಿಗೆ ಕತೆ ಮುಗೀತು.

ಏನು? ಇನ್ನೊಂದು ಕತೆ ಬೇಕಾ?

ಇಲ್ಲ.